ನಿಂತು ನಿಂತು ಬಂದ ಸದ್ದು

ಮುನಿಕೃಷ್ಣಪ್ಪ ಮೇಷ್ಟ್ರ ಕೈ ಸುಮ್ಮನಿರುವ ಜಾಯಮಾನದ್ದಲ್ಲ. ಸೀಮೆಸುಣ್ಣವೋ ಪೆನ್ನೋ, ಸಿಕ್ಕಿದ್ದನ್ನು ಬೆರಳುಗಳ ನಡುವೆ ಹೊರಳಿಸುತ್ತಲೇ ಪಾಠ ಮಾಡುತ್ತಿದ್ದರು. ಯಲಹಂಕದ ಹೈಸ್ಕೂಲಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಿಎಸ್ಸಿಯಲ್ಲಿ ಮೊದಲ ದರ್ಜೆ ಎಂಬ ಬಿಗುಮಾನದ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.

ಅಂದು ಶಬ್ದದ ಪಾಠ. ಮೇಷ್ಟ್ರು ಶ್ರುತಿಕವೆ ತಂದಿದ್ದರು. ಎರಡು ಕವಲಿನ ಆ ಉಕ್ಕಿನ ಸಲಕರಣೆಯನ್ನು ರಬ್ಬರಿಗೆ ಬಡಿದರೆ ಕವಲುಗಳು ನಡುಗಿ ಸದ್ದು ಹೊರಡುತ್ತದೆ. ಜೋರಾಗಿ ಬಡಿದರೆ ಹೆಚ್ಚು ಅಗಲಕ್ಕೆ ನಡುಗುತ್ತವೆ, ಆ ಅಗಲವೇ ಪಾರ, ಅದು ಹೆಚ್ಚಿದಷ್ಟೂ ಸದ್ದು ದೊಡ್ಡದು ಎಂದರು. ಸೆಕೆಂಡಿಗೆ ಎಷ್ಟು ಸಲ ನಡುಗುತ್ತವೆ ಎಂಬುದು ಆವೃತ್ತಿ, ಅದು ಬದಲಾಗದು, ಹಾಗಾಗಿ ಸ್ವರವೂ ಬದಲಾಗದು ಎಂದರು. ಆಮೇಲೆ ಕವೆಯನ್ನು ಒಬ್ಬೊಬ್ಬರ ಕಿವಿಗೂ ಹಿಡಿಯುತ್ತ ಹೋದರು. ಕೊನೆಗೆ ನಸೀಮಾಳ ಸರದಿ ಬರುವಷ್ಟರಲ್ಲಿ ಬೆರಳುಗಳಿಗೆ ಬೇಸರವಾಗಿ, ಕವೆಯ ಹಿಡಿಯನ್ನು ಹೊರಳಿಸತೊಡಗಿದ್ದವು.

ಸದ್ದು ನಿಂತು ನಿಂತು ಬರುತ್ತಿದೆ ಎಂದಳು ನಸೀಮಾ.

ಮೇಷ್ಟ್ರಿಗೆ ರೇಗಿತು. ಸದ್ದು ಮೆಲ್ಲಗೆ ಅಡಗುತ್ತದೆಯೇ ಹೊರತು ನಿಂತು ಮತ್ತೆ ಬರುವುದುಂಟೆ? ಸರಿಯಾಗಿ ಕೇಳು ಎಂದು ಗದರಿದರು. ಅವಳು ಮತ್ತೂ ಅದನ್ನೇ ಹೇಳಿದಳು.

"ನಿನ್ ಕಿವಿ ಕೆಟ್ಟಿದೆ. ನಿಮ್ಮಪ್ಪಂಗೆ ಹೇಳಿ ಯಾರಿಗಾದ್ರೂ ತೋರಿಸ್ಕೋ ಹೋಗು."

ತರಗತಿ ಗೊಳ್ಳೆಂದಿತು. ಸಂಜೆಯೊಳಗೆ ಅವಳಿಗೆ ಕಿವುಡಿ ಎಂಬ ಹೆಸರು ಬಿತ್ತು. ವಾರ ಕಳೆಯುವುದರೊಳಗೆ ಬೆಂಚಿನಲ್ಲಿ ಅವಳ ಜಾಗ ಖಾಲಿಯಾಯಿತು. ಕಿವಿ ಕೇಳದವಳಿಗೆ ಓದೇಕೆ ಎಂದು ಅವಳಪ್ಪ, ದರ್ಜಿ ಲಾಲ್ ಸಾಬ್, ಶಾಲೆ ಬಿಡಿಸಿದನಂತೆ. ಪಾಪ, ಏನು ಮಾಡುವುದು ಎಂದುಕೊಂಡರು ಮೇಷ್ಟ್ರು, ತಮಗೇನೂ ಸಂಬಂಧವಿಲ್ಲದವರ ಹಾಗೆ.

ಒಂದು ಸಂಜೆ ಕವೆಯನ್ನು ಒರೆಸಿಡುವಾಗ ಸುಮ್ಮನೆ ಬಡಿದು ತಮ್ಮ ಕಿವಿಗೇ ಹಿಡಿದರು. ಬೆರಳು ಎಂದಿನಂತೆ ಹಿಡಿಯನ್ನು ಹೊರಳಿಸಿತು. ಸದ್ದು ನಿಂತಿತು. ಇನ್ನಷ್ಟು ಹೊರಳಿತು, ಸದ್ದು ಬಂತು. ಮತ್ತೆ ನಿಂತಿತು.

ಮೇಷ್ಟ್ರಿಗೆ ಆಗ ಹೊಳೆಯಿತು. ಕವಲುಗಳ ಹೊರಮೈಯಿಂದ ಒಂದು ಅಲೆ, ನಡುವಿನ ಸಂದಿನಿಂದ ಇನ್ನೊಂದು. ಓರೆಯಾಗಿ ಹಿಡಿದಾಗ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಎರಡೂ ಅಳಿಯುತ್ತವೆ. ವ್ಯತಿಕರಣ. ಪರೀಕ್ಷೆಯಲ್ಲಿ ಅಂದವಾಗಿ ಚಿತ್ರ ಬರೆದು ಪೂರ್ತಿ ಅಂಕ ಗಿಟ್ಟಿಸಿದ ಪ್ರಶ್ನೆ ಅದು. ಉರು ಹೊಡೆದಿದ್ದರು, ಒಮ್ಮೆಯೂ ಕೇಳಿರಲಿಲ್ಲ. ಕೇಳಿದವಳಿಗೆ ಕಿವುಡಿಯ ಪಟ್ಟ ಕಟ್ಟಿದ್ದರು. ನಾಚಿಕೆಯಿಂದ ಕುಗ್ಗಿಹೋದರು.

ಕವೆ ಜೇಬಿಗಿಟ್ಟುಕೊಂಡು ನೇರ ಲಾಲ್ ಸಾಬನ ಮನೆಗೆ ಹೋದರು. ಅವನು ಜಾಲಹಳ್ಳಿಯ ಹೊಸ ಕಾರ್ಖಾನೆಯವರ ಖಾಕಿ ಬಟ್ಟೆ ಹೊಲಿಯುತ್ತಿದ್ದ. ನಸೀಮಾ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ಎರಡೂ ಕಿವಿಯಲ್ಲಿ ಹತ್ತಿ. ದಿನಾ ಬೆಳ್ಳುಳ್ಳಿ ಎಣ್ಣೆ ಬಿಡುತ್ತಿದ್ದೇವೆ ಎಂದ ಲಾಲ್ ಸಾಬ್, ಮೇಷ್ಟ್ರು ಹೇಳಿದ್ದರಿಂದಲೇ ಗೊತ್ತಾಯಿತೆಂದು ಕೈಮುಗಿದ. ಮೇಷ್ಟ್ರಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಹತ್ತಿ ತೆಗೆಸಿ ಕವೆ ಬಡಿದರು. ಅವಳ ಕಿವಿಗೆ ಹಿಡಿದು, ಈ ಸಲ ಬೇಕೆಂದೇ ಹೊರಳಿಸಿದರು. ಹೇಗೆ ಕೇಳುತ್ತಿದೆ ಎಂದು ಕೇಳಿದರು.

ನಸೀಮಾ ಅಪ್ಪನ ಮುಖ ನೋಡಿದಳು, ಮೇಷ್ಟ್ರ ಮುಖ ನೋಡಿದಳು. "ಒಂದೇ ಸಮ ಕೇಳ್ತಿದೆ, ಸಾರ್."

ಎಣ್ಣೆ ಕೆಲಸ ಮಾಡಿತು, ನಾಳೆಯಿಂದಲೇ ಶಾಲೆಗೆ ಕಳಿಸುತ್ತೇನೆ ಎಂದು ಲಾಲ್ ಸಾಬ್ ಹಿಗ್ಗಿದ. ಅಲ್ಲಿಗೇ ಬಿಟ್ಟಿದ್ದರೆ ಹುಡುಗಿ ಶಾಲೆಗೆ ಬರುತ್ತಿದ್ದಳು, ಮೇಷ್ಟ್ರ ಮಾನವೂ ಉಳಿಯುತ್ತಿತ್ತು. ಬಿಟ್ಟುಬಿಡೋಣವೆಂದು ಒಂದು ಗಳಿಗೆ ಮನಸ್ಸಾಯಿತು ಕೂಡ. ಆಮೇಲೆ ಕವೆಯನ್ನು ಮತ್ತೆ ಬಡಿದು ಲಾಲ್ ಸಾಬನ ಕಿವಿಗೆ ಹಿಡಿದು ಹೊರಳಿಸಿದರು. ಅವನ ನಗು ಆರಿತು.

"ನಿಂತೋಯ್ತಲ್ಲ, ಮೇಷ್ಟ್ರೇ."

"ಎಲ್ರಿಗೂ ನಿಲ್ಲುತ್ತೆ, ಸಾಬ್ರೇ. ಇವಳು ಅವತ್ತೇ ಸರಿಯಾಗಿ ಹೇಳಿದ್ಲು. ತಿಳೀದೇ ಇದ್ದಿದ್ದು ನಂಗೆ."

ಲಾಲ್ ಸಾಬ್ ಹೊಲಿಗೆಯನ್ನು ಬದಿಗಿಟ್ಟ. ಕಿವಿ ಕೆಟ್ಟಿದೆ ಅಂದದ್ದು ಎಲ್ಲರ ಮುಂದೆ, ಇದನ್ನೂ ಅಲ್ಲೇ ಹೇಳಿ ಎಂದ. ನಾಳೆಯೇ ಹೇಳುತ್ತೇನೆ ಎಂದು ಮೇಷ್ಟ್ರು ಒಪ್ಪಿಕೊಂಡರು. ಮತ್ತೆ ಇವತ್ತೇಕೆ ಒಂದೇ ಸಮ ಅಂದೆ ಎಂದು ನಸೀಮಾಳನ್ನು ಮೆಲ್ಲಗೆ ಕೇಳಿದರು.

ಅವಳು ಎಣ್ಣೆಹತ್ತಿಯನ್ನು ಬೆರಳಲ್ಲಿ ಹಿಂಡುತ್ತ ತಲೆ ತಗ್ಗಿಸಿದಳು.

"ಹಂಗಂದ್ರೆ ಮತ್ತೆ ಸ್ಕೂಲಿಗೆ ಸೇರಿಸ್ಕೋತೀರಾ ಅಂತ, ಸಾರ್."