ಸ್ಟೀನೆ ಚಿಕ್ಕಮ್ಮನ ಎಡಗೈ

ಬೆಳಿಗ್ಗೆ ಮೀನುಕಟ್ಟೆಗೆ ಬಂದ ಗೆಸೀನಾ ರೋಲೋಫ್ ತಾನು ಮಾಡಿದ ಪ್ರತಿಮೆಯ ಮುಂದೆ ನಿಂತವಳು ನಿಂತೇಬಿಟ್ಟಳು. ಅದರ ಎಡಗೈ ಮೊಣಕೈಯ ಬಳಿ ಮುರಿದಿತ್ತು. ಮುರಿದ ತುಂಡನ್ನು ಯಾರೋ ಬಲೆಯ ದಾರದಿಂದ ಬಿಗಿದು, ಹೂವಿನ ತಲೆವಸ್ತ್ರವೊಂದನ್ನು ಜೋಲಿಯ ಹಾಗೆ ಕೊರಳಿಗೆ ಕಟ್ಟಿ, ಆಸ್ಪತ್ರೆಯಿಂದ ಈಗಷ್ಟೇ ಮನೆಗೆ ಬಂದವಳಂತೆ ಮಾಡಿಟ್ಟಿದ್ದರು. ಮೂಗಿನ ತುದಿಯಲ್ಲಿ ಮೀನಿನ ಹುರುಪೆ ಮಿನುಗುತ್ತಿತ್ತು. ಹತ್ತು ಗಂಟೆಗೆ ಪುರಸಭೆಯ ಸಮಿತಿ ಇದನ್ನೇ ನೋಡಲು ಬರುವುದಿತ್ತು.

ಗೆಸೀನಾಗೆ ಐವತ್ತಾರು ತುಂಬಿತ್ತು. ಮೂವತ್ತು ವರ್ಷ ಬರ್ಲಿನ್ನಿನ ದೊಡ್ಡ ಶಿಲ್ಪಿಯೊಬ್ಬನ ಕಾರ್ಖಾನೆಯಲ್ಲಿ ಸೇನಾಪತಿಗಳ ಬೂಟು, ಅರಸರ ಮೀಸೆ, ಕುದುರೆಗಳ ಬಾಲ ತಿದ್ದಿದವಳು ಅವಳು. ಜರ್ಮನಿಯ ಎಷ್ಟೋ ಊರುಗಳ ಚೌಕಗಳಲ್ಲಿ ಅವಳ ಬೂಟುಗಳು ನಿಂತಿದ್ದವು. ಕೆಳಗೆ ಕೆತ್ತಿದ ಹೆಸರು ಮಾತ್ರ ಯಜಮಾನನದು. ಮೊದಲ ಮಹಾಯುದ್ಧ ಮುಗಿದು, ಚಕ್ರವರ್ತಿ ಓಡಿಹೋಗಿ, ಸೇನಾಪತಿಗಳಿಗೆ ಬೇಡಿಕೆ ತಗ್ಗಿದ ಮೇಲೆ ಬಾಲ್ಟಿಕ್ ಕಡಲಂಚಿನ ಈ ತವರೂರು ಬಂದರಿನ ಹೆಂಗಸರಿಗೊಂದು ಸ್ಮಾರಕ ಬೇಕೆಂದಿತು. ಅವಳಿಗೇ ಅಂತ ಬಂದ ಮೊದಲ ಕೆಲಸ. ಬಲಗೈ ಸೊಂಟದ ಮೇಲಿಟ್ಟು, ಎಡಗೈ ಚಾಚಿ ಗಿರಾಕಿ ಕರೆಯುವ ಮೀನುಗಾರ್ತಿಯನ್ನು ಅವಳು ಮಾಡಿದಳು. ಪ್ರತಿಮೆ ನಿಲ್ಲಿಸಲು ಕಟ್ಟೆ ಬೇಡ, ನೆಲದ ಕಲ್ಲಿನ ಮೇಲೇ ನಿಲ್ಲಲಿ ಎಂದಳು. ಸಮಿತಿಯ ಹಿರಿಯ, ಔಷಧಿ ಅಂಗಡಿಯ ಬ್ರಾಂಡೆಸ್, ಆಳೆತ್ತರದ ಕಟ್ಟೆಯಿಲ್ಲದೆ ಅದೆಂಥ ಸ್ಮಾರಕ ಎಂದರು. ಕಂಚು ಎರೆಯುವ ಮುನ್ನ ಅಷ್ಟೇ ಗಾತ್ರದ ಪ್ಲಾಸ್ಟರ್ ಪ್ರತಿಮೆಗೆ ಕಂಚಿನ ಬಣ್ಣ ಬಳಿದು, ನಿಲ್ಲಬೇಕಾದ ಜಾಗದಲ್ಲೇ ನಿಲ್ಲಿಸಿ ನೋಡುವುದು ಕಸುಬಿನ ವಾಡಿಕೆ. ಹಾಗೇ ಒಂದು ವಾರ ನಿಲ್ಲಲಿ, ಒಪ್ಪಿಗೆಯಾಗದಿದ್ದರೆ ಕೆಲಸ ಬರ್ಲಿನ್ನಿನ ಯಜಮಾನನಿಗೇ ಹೋಗಲಿ ಎಂದು ತೀರ್ಮಾನವಾಗಿತ್ತು.

ಈ ವಾಡಿಕೆಯನ್ನು ಮೀನು ಮಾರುವವರಿಗೆ ಹೇಳಲು ಮಾತ್ರ ಎಲ್ಲರೂ ಮರೆತಿದ್ದರು.

"ಯಾರ ಕೆಲಸ ಇದು?" ಗೆಸೀನಾ ಕೇಳಿದಳು.

ಹೆರಿಂಗ್ ಮೀನು ಸೀಳುತ್ತಿದ್ದ ಹೆಂಗಸರಿಗೆಲ್ಲ ಇದ್ದಕ್ಕಿದ್ದಂತೆ ತಂತಮ್ಮ ಮೀನಿನ ಮೇಲೆ ವಿಪರೀತ ಶ್ರದ್ಧೆ ಹುಟ್ಟಿತು. ಕೊನೆಗೆ ದಪ್ಪ ತೋಳಿನ ಟ್ರೂಡೆ ಪಾಗೆಲ್ ಎದ್ದಳು.

"ಮುರಿದದ್ದು ಕೇಳ್ತಿದೀರೋ, ಕಟ್ಟಿದ್ದು ಕೇಳ್ತಿದೀರೋ?"

"ಎರಡೂ."

"ಎರಡೂ ನಾನೇ. ಒದ್ದೆ ಏಪ್ರನ್ನು ದಿನಾ ಆ ಕೈಮೇಲೇ ಹಾಕ್ತಿದ್ದೆ. ನಿನ್ನೆ ಈ ಹನ್ನೆ ತನ್ನ ಬುಟ್ಟೀನೂ ನೇತುಹಾಕಿದ್ಲು."

"ನನ್ನ ಮೇಲ್ಯಾಕೆ ಹಾಕ್ತೀಯೇ?" ಪಕ್ಕದ ಹನ್ನೆ ಕೂತಲ್ಲಿಂದಲೇ ಅಂದಳು. "ನಿನ್ನ ಏಪ್ರನ್ನೇ ಒಂದು ದೋಣಿ ಭಾರ."

ಟ್ರೂಡೆ ಹತ್ತಿರ ಬಂದು ದನಿ ತಗ್ಗಿಸಿದಳು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಮ್ಮಾ. ನಿಮಗ್ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ. ಇದು ಕಂಚಲ್ಲ. ಒಳಗೆಲ್ಲಾ ಬರೀ ಬೆಳ್ಳನೆ ಹಿಟ್ಟು."

ಗೆಸೀನಾಗೆ ಅಳು ಬರಬೇಕಾದ ಜಾಗದಲ್ಲಿ ನಗು ಬಂತು. ಪರೀಕ್ಷೆಯ ವಿಷಯವನ್ನೆಲ್ಲ ಬಿಡಿಸಿ ಹೇಳಿದಳು. ಕೇಳಿದ ಟ್ರೂಡೆಯ ಮುಖ ಸಣ್ಣಗಾಯಿತು. ಗೆಸೀನಾ ತನ್ನ ಗಾಡಿಯಿಂದ ಪ್ಲಾಸ್ಟರಿನ ಚೀಲ ಇಳಿಸಿ ಬಾಯಿ ಬಿಚ್ಚಿದಳು. ಕೈಚಳಕ ಮರೆತಿರಲಿಲ್ಲ, ಹತ್ತರೊಳಗೆ ಗಾಯ ಕಾಣದಂತೆ ಮೆತ್ತಬಹುದಿತ್ತು. ಟ್ರೂಡೆ ಜೋಲಿ ಬಿಚ್ಚಲು ಕೈಯಿಟ್ಟು, "ಸ್ವಲ್ಪ ತಡ್ಕೋ ಸ್ಟೀನೆ ಚಿಕ್ಕಮ್ಮಾ, ನೋವಾಗಲ್ಲ," ಎಂದಳು.

"ಸ್ಟೀನೆ ಯಾರು?"

"ಇವಳೇ. ಹೆಸರಿಲ್ಲದೋರ್ನ ನಮ್ಮ ಮಧ್ಯೆ ಹೇಗೆ ನಿಲ್ಲಿಸ್ಕೊಳ್ಳೋದು?"

ಗೆಸೀನಾ ಚೀಲದ ಬಾಯಿ ಮತ್ತೆ ಕಟ್ಟಿದಳು. "ಬಿಚ್ಚಬೇಡ. ಹೀಗೇ ಇರ್ಲಿ."

ಸಮಿತಿ ಬಂತು. ಬ್ರಾಂಡೆಸ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ನಾನು ಹೇಳಿರ್ಲಿಲ್ವಾ ರೋಲೋಫ್ ಅವರೇ? ಒಂದೇ ವಾರಕ್ಕೆ ಈ ಗತಿ. ಕಟ್ಟೆ ಮೇಲಿದ್ದಿದ್ರೆ ಯಾರ ಕೈಗೂ ಸಿಗ್ತಿರ್ಲಿಲ್ಲ."

"ಅದಕ್ಕೇ ಕಟ್ಟೆ ಬೇಡ ಅಂದಿದ್ದು," ಎಂದಳು ಗೆಸೀನಾ. "ಕಟ್ಟೆ ಮೇಲೆ ನಾನು ಮಾಡಿದ ಬೂಟುಗಳು ಬೇಕಾದಷ್ಟಿವೆ. ಒಂದನ್ನೂ ಯಾರೂ ಮುರಿದಿಲ್ಲ. ಹತ್ತಿರ ಹೋದೋರೂ ಇಲ್ಲ."

"ಮಾತಿಗೇನು. ಇದನ್ನ ಎತ್ತಿಸಿ. ಬರ್ಲಿನ್ನಿಗೆ ಹೇಳಿ ಕಳಿಸೋಣ."

ಸಮಿತಿಯ ಜೊತೆ ಬಂದಿದ್ದ ಆಳುಗಳು ಮುಂದೆ ಬಂದರು. ಟ್ರೂಡೆ ನಡುವೆ ನಿಂತಳು. ಮೀನು ಸೀಳುವ ಚೂರಿ ಕೈಯಲ್ಲೇ ಇರುವುದು ಅವಳಿಗೆ ನೆನಪಿರಲಿಲ್ಲ. ಆಳುಗಳಿಗೆ ಚೆನ್ನಾಗಿ ಕಾಣುತ್ತಿತ್ತು.

"ಎಲ್ಲಿಗೆ ಎತ್ಕೊಂಡು ಹೋಗ್ತೀರಿ? ಪೆಟ್ಟಾಗಿದೆ ಅವಳಿಗೆ. ಅಲುಗಿಸ್ಬೇಡಿ."

"ಅದು ಪ್ಲಾಸ್ಟರು ಕಣಮ್ಮಾ," ಎಂದರು ಬ್ರಾಂಡೆಸ್.

"ಗೊತ್ತು. ಮುರಿದೋಳು ನಾನೇ ಅಲ್ವಾ."

ಹಿಂದಿನಿಂದ ಹನ್ನೆಯ ದನಿ ಬಂತು. "ಬ್ರಾಂಡೆಸ್ ಸಾಹೇಬ್ರೇ, ಕೆಮ್ಮಿನ ಔಷಧೀನ ನಿಮ್ಮ ಅಂಗಡಿ ಸೂರಿಗೆ ನೇತುಹಾಕ್ತೀರಾ, ಕೈಗೆ ಸಿಗೋ ಹಾಗೆ ಇಡ್ತೀರಾ?"

ಮೀನುಕಟ್ಟೆಯೆಲ್ಲ ನಕ್ಕಿತು. ಸಮಿತಿಯಲ್ಲಿದ್ದ ಹಡಗಿನ ಮುದಿ ಕಪ್ತಾನನಂತೂ ಪೈಪು ಬಾಯಿಂದ ತೆಗೆದು ಹಿಡಿದುಕೊಳ್ಳಬೇಕಾಯಿತು. "ಬ್ರಾಂಡೆಸ್, ದೊಡ್ಡ ಚೌಕದಲ್ಲಿ ಕುದುರೆ ಮೇಲೆ ಕೂತಿದಾನಲ್ಲ, ಅವನು ಯಾವ ಡ್ಯೂಕು?" ಎಂದು ಕೇಳಿದ.

ಬ್ರಾಂಡೆಸ್ ಬಾಯಿ ತೆರೆದರು. ಯೋಚಿಸಿದರು. ಹೆಸರು ಬರಲಿಲ್ಲ. ಜೋಲಿಯ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ಮಗುವಿಗೆ ಕಟ್ಟುವಷ್ಟು ಜೋಪಾನವಾಗಿ ಕಟ್ಟಿದ ಗಂಟು. ಔಷಧಿ ಮಾರುವ ಮನುಷ್ಯ. ಅಂಥ ಗಂಟು ಅವರಿಗೆ ಅರ್ಥವಾಗುತ್ತಿತ್ತು.

"ಕಂಚಿನ ಕೈಯಾದ್ರೆ ಎಷ್ಟು ಭಾರ ತಡೆಯುತ್ತೆ?" ಎಂದರು ಮೆಲ್ಲಗೆ.

ಗೆಸೀನಾ ಉತ್ತರಿಸುವ ಮೊದಲೇ ಟ್ರೂಡೆ ಹೇಳಿದಳು. "ಒಂದು ಏಪ್ರನ್ನು, ಒಂದು ಬುಟ್ಟಿ. ಸಾಕು."

"ಹಾಗಾದ್ರೆ ದಪ್ಪಗೇ ಎರೆಸಿ, ರೋಲೋಫ್ ಅವರೇ. ನೆಲದ ಮೇಲೇ ನಿಲ್ಲಿಸಿ."

ಶರತ್ಕಾಲದಲ್ಲಿ ಕಂಚು ಬಂತು. ವಾದ್ಯದವರು ಬಂದರು, ಬಿಳಿ ಬಟ್ಟೆ ಸರಿಯಿತು. ಪಾದದ ಬಳಿ ಸಣ್ಣ ಅಕ್ಷರದಲ್ಲಿ ಗೆಸೀನಾ ರೋಲೋಫ್ ಎಂಬ ಹೆಸರಿತ್ತು. ಬ್ರಾಂಡೆಸ್ ಮರಳಿನ ಬಣ್ಣದ ಹೊಸ ಕೈಗವಸು ತೊಟ್ಟು ಭಾಷಣ ಶುರುಮಾಡಿದರು. ಶ್ರಮದ ಘನತೆಯ ವಿಷಯ ಅರ್ಧಕ್ಕೆ ಬಂದಿತ್ತು. ದೋಣಿ ತಡವಾಗಿ ಬಂದದ್ದರಿಂದ ಟ್ರೂಡೆ ಆಗಷ್ಟೇ ದಂಡೆಯಿಂದ ಓಡಿಬಂದಳು. ಜನರ ನಡುವೆ ನುಗ್ಗಿ, ಒದ್ದೆ ಏಪ್ರನ್ನು ಬಿಚ್ಚಿ, ತಿರುಗಿಯೂ ನೋಡದೆ ಚಾಚಿದ ಕೈಯ ಮೇಲೆಸೆದು, ತನ್ನ ಜಾಗದಲ್ಲಿ ಕೂತು ಮೊದಲ ಮೀನಿಗೆ ಚೂರಿ ಹಾಕಿದಳು.

ಭಾಷಣ ನಿಂತಿತು. ಗೆಸೀನಾ ಪ್ರತಿಮೆಯ ಎಡಗೈಯನ್ನೇ ನೋಡಿದಳು. ಏಪ್ರನ್ನಿನ ಅಂಚಿನಿಂದ ಕಡಲ ನೀರು ತೊಟ್ಟು ತೊಟ್ಟಾಗಿ ಕಲ್ಲಿನ ಮೇಲೆ ಬೀಳುತ್ತಿತ್ತು. ಕೈ ಅಲುಗಲಿಲ್ಲ.