ಬಲಗಡೆಯ ಬಾಗಿಲು

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅತ್ತೆ ಎಂದಿನ ಹಾಗೆ ಮುದ್ದೆಗೆ ಎಸರಿಟ್ಟರು. ನಾನು ಎಂದಿನ ಹಾಗೆ ನಲ್ಲಿ ನೀರು ಹಿಡಿದೆ. ಹಾಲಿನವನು ಎಂದಿನಷ್ಟೇ ಹಾಲು ಹಾಕಿದ. ಕಡಿಮೆ ಹಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಊಟಕ್ಕೆ ಕೂತಾಗ ಅತ್ತೆ ಹಪ್ಪಳ ಸುಟ್ಟು ತಟ್ಟೆಗೆ ಹಾಕಿದರು. ಅಜ್ಜಂಪುರದ ಸಾವಿತ್ರಮ್ಮ ನಮ್ಮನ್ನು ಮಾತಾಡಿಸಲು ಬಂದಾಗ ಕೊಟ್ಟುಹೋದ ಹಪ್ಪಳ. ನಾನು ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುವ ಕಾಲೇಜಿನ ಎದುರಿಗೇ ಅವರ ಮನೆ. ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುತ್ತಾರೆ. ಅವರ ಹಪ್ಪಳದ ಮೇಲೆ ಸಣ್ಣ ಗೆರೆಗಳಿರುತ್ತವೆ, ಗೆರೆ ನೋಡಿಯೇ ಜನ ಕೊಳ್ಳುತ್ತಾರೆ. ಇವು ನುಣ್ಣಗಿದ್ದವು. ಅದು ಕಣ್ಣಿಗೆ ಬಿತ್ತು, ಅಷ್ಟೇ. ಆ ದಿನಗಳಲ್ಲಿ ಎಲ್ಲವೂ ಕಣ್ಣಿಗೆ ಬೀಳುತ್ತಿತ್ತು, ಒಳಗೆ ಹೋಗಿ ಯಾವುದೂ ಮುಟ್ಟುತ್ತಿರಲಿಲ್ಲ.

ಕೈ ತೊಳೆಯಲು ಹೊರಗೆ ಬಂದರೆ ಅಂಗಳದಲ್ಲಿ ಕಾರು. ಡ್ರೈವರ್ ಕಡೆಯ ಬಾಗಿಲಿನ ಒಳಗಿನ ಪ್ಯಾಡ್ ಬಿಚ್ಚಿದ್ದು ಹಾಗೇ ಇತ್ತು. ತಗಡು, ತಂತಿ, ಗಾಜು ಏರಿಸುವ ಕಬ್ಬಿಣದ ತೋಳು, ಎಲ್ಲ ಬತ್ತಲೆಯಾಗಿ ಕಾಣುತ್ತಿದ್ದವು. ಬಿಚ್ಚಿದವನು ಹೊನ್ನೇಶ್, ನನ್ನ ಗಂಡ. ಬೆಳಿಗ್ಗೆ ಬಿಚ್ಚಿ, ಸ್ನಾನ ಮಾಡಿ ಬಂದು ಮುಂದಿನದು ಮಾಡುತ್ತೇನೆ ಎಂದು ಬಚ್ಚಲಿಗೆ ಹೋದ. ಅಲ್ಲೇ ಎದೆ ನಿಂತಿತು.

ಮಾವ ರಂಗಪ್ಪ ನನ್ನ ಹಿಂದೆ ಬಂದು ನಿಂತಿದ್ದರು. ತರೀಕೆರೆಯ ಒಬ್ಬರು ಭಾನುವಾರ ಬಂದು ಕಾರು ತಗೊಂಡು ಹೋಗುತ್ತಾರೆ, ಮಾತಾಡಿ ಆಗಿದೆ ಎಂದರು. ದಿನಾ ಇದನ್ನು ನೋಡುತ್ತಾ ಕೂರುವುದು ಬೇಡ ಎಂದರು. ನನಗಾಗಿ ಹೇಳುತ್ತಿದ್ದಾರೆ ಎನ್ನುವುದು ಗೊತ್ತಿತ್ತು. ಅವರ ಕಣ್ಣು ಕಾರಿನ ಮೇಲೆ ಇರಲಿಲ್ಲ, ಗೋಡೆಯ ಮೇಲಿತ್ತು.

ಕಾರು ಹೋದರೆ ನನ್ನ ಕೆಲಸವೂ ಹೋಗುತ್ತದೆ. ಮೊದಲನೆಯ ಪೀರಿಯಡ್ ಹೊತ್ತಿಗೆ ಕಡೂರಿನಿಂದ ಅಜ್ಜಂಪುರ ಮುಟ್ಟಿಸುವ ಬಸ್ಸು ಇಲ್ಲ. ಹೊನ್ನೇಶ್ ನನ್ನನ್ನು ಕಾಲೇಜಿನಲ್ಲಿ ಇಳಿಸಿ ತರೀಕೆರೆಗೆ, ತನ್ನ ಟ್ರ್ಯಾಕ್ಟರ್ ಶೋರೂಮಿಗೆ ಹೋಗುತ್ತಿದ್ದ. ಸಂಜೆ ಅದೇ ದಾರಿಯಲ್ಲಿ ಹಿಂದಕ್ಕೆ. ಕಾರು ಓಡಿಸುವುದನ್ನು ನನಗೂ ಕಲಿಸಿದ್ದ. ಸಖರಾಯಪಟ್ಟಣದವರೆಗೆ ಓಡಿಸಿದ್ದೆ, ಅವನು ಪಕ್ಕದಲ್ಲಿದ್ದಾಗ. ಇದನ್ನೆಲ್ಲ ಮಾವನಿಗೆ ಹೇಳಬೇಕಿತ್ತು. ಕೈ ತೊಳೆದುಕೊಂಡು ಒಳಗೆ ಹೋದೆ.

ಅದು ಹಳೆಯ ಮಾರುತಿ. ಅವನು ಕೊಂಡಾಗಲೇ ಎರಡು ಕೈ ದಾಟಿ ಬಂದಿತ್ತು. ಓಡುವುದಕ್ಕೆ ಏನೂ ಕೊರತೆಯಿಲ್ಲ, ಆದರೆ ಬೀರೂರು ದಾಟಿ ಅಜ್ಜಂಪುರದ ರಸ್ತೆಗೆ ಹೊರಳಿದರೆ ಒಳಗೆ ಕೂತವರಿಗೆ ಟಿನ್ನಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಮಾವ ಜೊತೆಗೆ ಬಂದಾಗ ಫೋನಿನಲ್ಲಿ ಕಿರುಚುತ್ತಿದ್ದರು. ನನ್ನದು ಮೊದಲೇ ಸಣ್ಣ ದನಿ. ನಾನು ಏನಾದರೂ ಹೇಳುತ್ತೇನೆ, ಅವನು ಏನಂದೆ ಎನ್ನುತ್ತಾನೆ, ನಾನು ಏನಿಲ್ಲ ಎನ್ನುತ್ತೇನೆ. ಹೀಗೆ ಹೋಗುತ್ತಿತ್ತು ದಾರಿ. ಒಂದು ಸಂಜೆ ಗಾಡಿಯನ್ನು ರಸ್ತೆ ಬದಿಗೆ ತೆಗೆದುಕೊಂಡು ಇಂಜಿನ್ ಆರಿಸಿ, "ಈಗ ಹೇಳು ಭೂಮಿಕಾ" ಎಂದ.

ನಾನು ಹೇಳಿದ್ದು, ಈರುಳ್ಳಿ ಕಿತ್ತು ಹೊಲದಲ್ಲೇ ಹರಡಿದ್ದಾರೆ ಎಂದು. ಇದಕ್ಕೆ ಗಾಡಿ ನಿಲ್ಲಿಸಬೇಕಾಯಿತಾ ಎಂದು ನಕ್ಕ. ಆಮೇಲೆ, "ದಿನಾ ಎಷ್ಟು ಈರುಳ್ಳಿ ತಪ್ಪಿಹೋಗಿದೆಯೋ ನಂಗೆ" ಎಂದ.

ಅಲ್ಲಿಂದ ಶುರು. ಸದ್ದು ತಡೆಯುವ ಶೀಟು ಎಂದು ತರೀಕೆರೆಯಲ್ಲಿ ಸಿಗುತ್ತದೆ, ಒಂದು ಕಡೆ ಕರಿಯ ಅಂಟು, ಇನ್ನೊಂದು ಕಡೆ ಬೆಳ್ಳಿ ಹಾಳೆ. ಇಡೀ ಕಾರಿಗೆ ಹಾಕಿಸಿದರೆ ಕಾರಿಗಿಂತ ಅದೇ ದುಬಾರಿ. ಅವನು ಒಂದೇ ಒಂದು ಸುರುಳಿ ತಂದ. ಬಾಗಿಲು ಪೂರ್ತಿ ಮುಚ್ಚಬೇಕಾಗಿಲ್ಲ, ತಗಡಿನ ನಡುವೆ ಒಂದು ತುಂಡು ಸಾಕು ಎಂದ. ನನಗೆ ನಂಬಿಕೆ ಬರಲಿಲ್ಲ. "ತಮಟೆ ಮೇಲೆ ಅಂಗೈ ಇಟ್ರೆ ಏನಾಗುತ್ತೆ? ಅಷ್ಟೇ ಇದು" ಎಂದ. ಶೀಟು ಮೆತ್ತಗಾಗಲು ಬಿಸಿಗಾಳಿ ಊದುವ ಯಂತ್ರ ಬೇಕಂತೆ; ಅದರ ಬದಲು ಬಾನೆಟ್ಟಿನ ಮೇಲೆ ಬಿಸಿಲಿಗೆ ಹರಡಿದ. ಕಡೂರಿನ ಬಿಸಿಲಿಗೆ ಯಾರೂ ಬಾಡಿಗೆ ಕೇಳುವುದಿಲ್ಲ ಎಂದು ಅವನ ತಮಾಷೆ. ಒತ್ತಿ ಕೂರಿಸಲು ರೋಲರ್ ಬೇಕಿತ್ತು. ಒಂದು ಸಂಜೆ ಟವೆಲ್ಲಿನಲ್ಲಿ ಏನೋ ಸುತ್ತಿಕೊಂಡು ಬಂದು, ರೋಲರ್ ಸಿಕ್ಕಿತು ಎಂದ. ಎಲ್ಲಿ ಎಂದು ನಾನು ಕೇಳಲಿಲ್ಲ.

ಮೊದಲು ನನ್ನ ಕಡೆಯ ಬಾಗಿಲು ಮಾಡಿದ. ಆಮೇಲೆ ಅತ್ತೆ ಮಾವ ಕೂರುವ ಹಿಂದಿನ ಎರಡು. ತನ್ನದು ಕೊನೆಗೆ ಎಂದು ಬಿಟ್ಟಿದ್ದ.

ಅವನನ್ನು ಒಯ್ಯುವಾಗ ತಮಟೆ ಬಾರಿಸಿದರು. ನನಗೆ ಅಂಗೈಯ ಮಾತೇ ನೆನಪಾಗುತ್ತಿತ್ತು.

ಶನಿವಾರ ಮಧ್ಯಾಹ್ನ ಮಾವ ಮಲಗಿದ್ದಾಗ ನಾನು ಕಾರಿನ ಬಾಗಿಲು ತೆಗೆದೆ. ಬಿಚ್ಚಿದ ಪ್ಯಾಡನ್ನು ಹಾಗೇ ಇಟ್ಟು ಕೊಡುವುದು ಬೇಡ, ಅವನು ಅರ್ಧಕ್ಕೆ ಬಿಟ್ಟ ಎಂದು ತರೀಕೆರೆಯವರು ಅನ್ನಬಾರದು, ಇಷ್ಟೇ ಆಗ ನನ್ನ ಮನಸ್ಸಿನಲ್ಲಿದ್ದದ್ದು. ಸೀಟಿನ ಕೆಳಗೆ ಉಳಿದ ಶೀಟಿನ ತುಂಡು, ಸ್ಪಿರಿಟ್ ಬಾಟಲಿ, ಟವೆಲ್ಲಿನ ಗಂಟು. ಶೀಟನ್ನು ಬಾನೆಟ್ಟಿನ ಮೇಲೆ ಹರಡಿದೆ. ತಗಡಿನ ಧೂಳು ಒರೆಸಿ ಸ್ಪಿರಿಟ್ ಹಚ್ಚಿದೆ. ಬಾಗಿಲ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ, ಅವನ್ನು ಮುಚ್ಚಬಾರದು. ಅವನ ಕೆಲಸಕ್ಕೆ ಟಾರ್ಚ್ ಹಿಡಿದು ನಿಂತಾಗ ಕೇಳಿದ್ದು ನೆನಪಿತ್ತು. ಹಿಂಬದಿಯ ಕಾಗದ ಕಿತ್ತು, ಕೈ ಒಳಗೆ ಹಾಕಿ ಅಂಟಿಸಿ, ಗಂಟು ಬಿಚ್ಚಿದರೆ ಮರದ ಲಟ್ಟಣಿಗೆ. ಮೈಯೆಲ್ಲ ಗೆರೆ. ಅದರಿಂದಲೇ ಒತ್ತತೊಡಗಿದೆ.

ಸದ್ದಿಗೆ ಮಾವ ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಕೈಯನ್ನೇ ನೋಡುತ್ತಾ ನಿಂತರು. ಆಮೇಲೆ ಬಗ್ಗಿ, ಬಾಗಿಲನ್ನು ಹೊರಗಿನಿಂದ ಬೆರಳಿನ ಗೆಣ್ಣಿನಿಂದ ತಟ್ಟಿದರು. ಕಿವಿ ಹತ್ತಿರ ತಂದು ಇನ್ನೊಂದು ಕಡೆ ತಟ್ಟಿದರು. ಮಾವ ಆಯುಷ್ಯವೆಲ್ಲ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ತಟ್ಟಿ ವಿಂಗಡಿಸಿದವರು. ತಟ್ಟಿದರೆ ಸಾಕು, ಇದು ಬಲಿತದ್ದು, ಇದು ಕೊಳೆತದ್ದು ಎಂದು ಬೇರೆ ಬೇರೆ ಗುಡ್ಡೆಗೆ ಎಸೆಯುತ್ತಿದ್ದರು.

"ಇಲ್ಲಿ ಟೊಳ್ಳಾಗೈತೆ. ಕೂತಿಲ್ಲ ಇದು. ಒತ್ತು" ಎಂದರು.

ಒತ್ತಿದೆ. ಮತ್ತೆ ತಟ್ಟಿದರು. "ಇನ್ನೊಂಚೂರು ಮ್ಯಾಕೆ."

ಹೀಗೇ ಹೊರಗಿನಿಂದ ಅವರು ತಟ್ಟುವುದು, ಒಳಗಿನಿಂದ ನಾನು ಒತ್ತುವುದು. ಎಲ್ಲ ಕಡೆ ದಪ್ ದಪ್ ಎನ್ನತೊಡಗಿದ ಮೇಲೂ ಅವರು ನಿಲ್ಲಿಸಲಿಲ್ಲ. ಉಳಿದ ಮೂರು ಬಾಗಿಲುಗಳನ್ನು ಒಂದೊಂದಾಗಿ ತಟ್ಟಿಕೊಂಡು ಬಂದರು. ಒಂದರಲ್ಲೂ ಟೊಳ್ಳಿರಲಿಲ್ಲ. ಕೊನೆಯದರ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತರು. ಅತ್ತರೋ ಏನೋ, ನಾನು ನೋಡಲು ಹೋಗಲಿಲ್ಲ.

ಟೀ ತಂದ ಅತ್ತೆಯ ಕಣ್ಣು ಲಟ್ಟಣಿಗೆಯ ಮೇಲೆ ಬಿತ್ತು. "ಇದು ಹಪ್ಪಳ ಒತ್ತೋದಲ್ವೇನೇ? ಎಲ್ಲಿತ್ತು?"

ಆಗ ಊಟದ ತಟ್ಟೆ ನೆನಪಾಯಿತು. ಗೆರೆಯಿಲ್ಲದ ಹಪ್ಪಳ. ಸಂಜೆ ನನಗಾಗಿ ಕಾಯುವಾಗ ಹೊನ್ನೇಶ್ ಸಾವಿತ್ರಮ್ಮನ ಮನೆಯ ಜಗಲಿಯಲ್ಲಿ ಕೂರುತ್ತಿದ್ದ. ಅವರು ನಮ್ಮ ಮನೆಗೆ ಬಂದು, ನನ್ನ ಪಕ್ಕ ಕೂತು, ಈ ಅಂಗಳದ ಮೇಲೆಯೇ ಕಾರಿನ ಪಕ್ಕದಲ್ಲೇ ನಡೆದುಕೊಂಡು ಹೋಗಿದ್ದರು. ಲಟ್ಟಣಿಗೆಯ ಮಾತೆತ್ತಿರಲಿಲ್ಲ. ಸಾವಾದ ಮನೆಯಲ್ಲಿ ಕೊಟ್ಟದ್ದನ್ನು ಕೇಳಬಾರದು, ಮನೆಯವರೇ ತಂದುಕೊಡಬೇಕು. ಹಪ್ಪಳದ ಬಿಸಿಲು ಏರುತ್ತಿತ್ತು, ಅವರು ಬೋಳು ಲಟ್ಟಣಿಗೆಯಲ್ಲಿ ಒತ್ತಿಕೊಂಡು ಸುಮ್ಮನಿದ್ದರು.

ಅತ್ತೆಗೆ ಹೇಳಿದೆ. ಅವರು ಅಲ್ಲೇ ಕೂತುಬಿಟ್ಟರು. ಹಿಂದಕ್ಕೆ ಕೊಡುವುದು ಬೇಡ, ಹೊಸದು ಕೊಂಡು ಕೊಡೋಣ ಎಂದರು.

"ಸಾವಿನ ಮನೇಲಿದ್ದ ಅಡುಗೆ ಸಾಮಾನು ಯಾರವ್ವ ಒಳಗೆ ಬಿಟ್ಕೊಂತಾರೆ? ಅದೂ ನಮ್ಮನೇಲಿದ್ದದ್ದು."

ನಮ್ಮನೆ ಎನ್ನುವುದನ್ನು ಅತ್ತೆ ಮೆಲ್ಲಗೆ ಹೇಳಿದರು. ನಮ್ಮ ಕೇರಿಯಲ್ಲಿ ಹುಟ್ಟಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಾವ ಮಾತ್ರ, ಇಸ್ಕೊಂಡದ್ದನ್ನೇ ಕೊಡಬೇಕು, ಬದಲು ಕೊಡಬಾರದು ಎಂದರು. ತಗೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು.

"ಯಾರ್ ಹೋಗಿ ಕೊಡೋರು?" ಎಂದರು ಅತ್ತೆ.

"ನಾನು" ಎಂದೆ. "ಸೋಮವಾರ ಕಾಲೇಜಿಗೆ ಹೋಗ್ತೀನಲ್ಲ. ಇದರಲ್ಲೇ."

ಮಾವ ಪ್ಯಾಡ್ ಎತ್ತಿ ಹಿಡಿದರು, ನಾನು ಕ್ಲಿಪ್ಪುಗಳನ್ನು ಒತ್ತಿ ಕೂರಿಸಿದೆ.

ಆ ರಾತ್ರಿ ಮಾವ ತರೀಕೆರೆಯವರಿಗೆ ಫೋನು ಮಾಡಿ, ಭಾನುವಾರ ಬೇಡ, ಇನ್ನೆರಡು ದಿನ ತಡೀರಿ ಎಂದರು. ಕೊಡುವುದಿಲ್ಲ ಎನ್ನಲಿಲ್ಲ. ಸೋಮವಾರ ಬೆಳಿಗ್ಗೆ ಶರ್ಟು ಹಾಕಿಕೊಂಡು ಬಂದು ನನ್ನ ಎಡಕ್ಕೆ ಕೂತರು, ನಾನು ಕೂರುತ್ತಿದ್ದ ಜಾಗದಲ್ಲಿ. ನಾನು ಓಡಿಸುವುದನ್ನು ಒಂದು ಸಲ ನೋಡದೆ ಅವರು ತೀರ್ಮಾನಕ್ಕೆ ಬರುವವರಲ್ಲ. ಅತ್ತೆ ಕಿಟಕಿಯಲ್ಲಿ ಒಂದು ಚೀಲ ಕೊಟ್ಟರು. ಉದ್ದಿನಬೇಳೆ. ಹೊಸದು ಕೊಂಡು ಕೊಡೋಣ ಎಂದವರೇ ರಾತ್ರಿ ಲಟ್ಟಣಿಗೆಗೆ ಹುಣಸೆಹಣ್ಣು ಹಚ್ಚಿ, ಬಿಸಿನೀರಲ್ಲಿ ತೊಳೆದು, ಒಲೆಯ ಪಕ್ಕ ಒಣಗಿಸಿಟ್ಟಿದ್ದರು. "ಬರಿಗೈಲಿ ಕೊಡ್ಬ್ಯಾಡ" ಎಂದರು.

ಬೀರೂರಿನವರೆಗೆ ಮಾವನ ಕೈ ಬಾಗಿಲ ಹಿಡಿಯನ್ನು ಬಿಡಲಿಲ್ಲ. ಅಜ್ಜಂಪುರದ ರಸ್ತೆಗೆ ಹೊರಳಿದೆ. ಗುಂಡಿಗಳು ಇದ್ದಲ್ಲೇ ಇದ್ದವು. ಚಕ್ರದ ಸದ್ದು ಕೆಳಗೆಲ್ಲೋ, ಗಾಳಿ ಹೊರಗೆಲ್ಲೋ. ಇಂಜಿನ್ನಿನ ಗೊಣಗು ಉಳಿದಿತ್ತು, ಆದರೆ ತಗಡಿನ ನಡುಕ ಇರಲಿಲ್ಲ. ನಾಲ್ಕೂ ಬಾಗಿಲು ಸುಮ್ಮನಿರುವುದನ್ನು ಹೊನ್ನೇಶ್ ಕೇಳಲೇ ಇಲ್ಲ.

ಮಾವನ ಫೋನು ಹೊಡೆದುಕೊಂಡಿತು. ತರೀಕೆರೆಯವರು. ಮಾವ ಎಂದಿನ ಹಾಗೆ ಗಟ್ಟಿಯಾಗಿ ಹಲೋ ಎಂದರು; ಎಂದವರೇ ಬೆಚ್ಚಿ ದನಿ ಇಳಿಸಿದರು. ಆ ಕಡೆಯವರ ಮಾತೂ ನನಗೆ ಕೇಳುತ್ತಿತ್ತು, ಇವತ್ತು ಬರಲಾ ಎನ್ನುತ್ತಿದ್ದರು. ಮಾವ ನನ್ನ ಕಡೆ ತಿರುಗಿ, ಸ್ಟೀರಿಂಗ್ ಮೇಲಿನ ನನ್ನ ಕೈ ನೋಡಿದರು.

"ಇಲ್ಲ ಕಣಪ್ಪ, ಕಾರು ಕೊಡಲ್ಲ. ನಮ್ ಸೊಸೆಗೆ ಕೆಲಸಕ್ಕೆ ಬೇಕು. ಬೇಜಾರ್ ಮಾಡ್ಕೋಬ್ಯಾಡ."

ಫೋನು ಜೇಬಿಗೆ ಹಾಕಿಕೊಂಡು ಕಿಟಕಿಯಾಚೆ ನೋಡುತ್ತಾ, "ಚೆನ್ನಾಗ್ ಮಾಡವ್ನೆ" ಎಂದರು. ತಮ್ಮಷ್ಟಕ್ಕೆ ಹೇಳಿಕೊಂಡದ್ದು, ತುಟಿ ಅಲ್ಲಾಡಿದಷ್ಟೇ ದನಿ. ನನಗೆ ಪೂರ್ತಿ ಕೇಳಿಸಿತು.

"ಹೂಂ ಮಾವ" ಎಂದೆ. ಅದು ಅವರಿಗೂ ಕೇಳಿಸಿತು.

ಸಾವಿತ್ರಮ್ಮ ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಮೊರದಲ್ಲಿ ಹಿಟ್ಟಿನ ಉಂಡೆಗಳು, ಕೈಯಲ್ಲಿ ಬೋಳು ಲಟ್ಟಣಿಗೆ. ಕಾರು ಕಂಡಾಗ ಕೈ ನಿಂತಿತು. ಇಳಿದವಳು ನಾನು ಎಂದು ಕಂಡ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಮೆಟ್ಟಿಲ ಕೆಳಗೆ ನಿಂತು, ಬೇಳೆಯ ಚೀಲದ ಮೇಲೆ ಲಟ್ಟಣಿಗೆ ಇಟ್ಟು ಮುಂದೆ ಹಿಡಿದೆ. ತಡವಾಯಿತು ಎಂದೆ. ಇದು ನಮ್ಮ ಮನೆಯಲ್ಲೇ ಇತ್ತು, ಬೇಡವಾದರೆ ಹೊಸದು ತಂದುಕೊಡುತ್ತೇನೆ ಎಂದೂ ಹೇಳಿದೆ. ಆ ಮಾತು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಕೆಲಸ ಮುಗೀತಾ?" ಎಂದರು.

"ಮುಗೀತು."

"ನಮ್ ಲಟ್ಟಣಿಗೆ ನಿಂಗ್ಯಾಕೋ ಅಂದೆ. 'ಭೂಮಿಕಾ ಮಾತಾಡಿದ್ದು ಕೇಳ್ಬೇಕು ಸಾವಿತ್ರಮ್ಮ, ಅದುಕ್ಕೆ' ಅಂದ. ನಂಗೇನು ಅರ್ಥವಾಯ್ತು? ಕೊಟ್ಬಿಟ್ಟೆ."

ಮೇಲೆ ಬಾ ಎಂದು ಕೈ ನೀಡಿದರು. ಮೆಟ್ಟಿಲು ಹತ್ತಿದೆ. ಅವರು ಲಟ್ಟಣಿಗೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. ಒಂದು ಗೆರೆಯ ಸಂದಿಯಲ್ಲಿ ಬೆಳ್ಳಿ ಹಾಳೆಯ ಚೂರು ಮಿನುಗಿತು, ಅತ್ತೆಯ ಹುಣಸೆಹಣ್ಣಿಗೂ ಹೋಗದೆ ಉಳಿದದ್ದು. ಸಾವಿತ್ರಮ್ಮ ಉಗುರಿನಿಂದ ಅದನ್ನು ಎಬ್ಬಿಸಿ ನನ್ನ ಅಂಗೈಗೆ ಹಾಕಿದರು. ಲಟ್ಟಣಿಗೆಯನ್ನು ಸೆರಗಿನಲ್ಲಿ ಒರೆಸಿ, ಒಂದು ಉಂಡೆ ಮಣೆಯ ಮೇಲಿಟ್ಟು ಒತ್ತಿದರು. ಗೆರೆ ಬಿತ್ತು.

ಕಾಲೇಜಿನ ಬೆಲ್ಲು ಹೊಡೆಯಿತು. ಕಾರಿನಲ್ಲಿ ಮಾವ ಎಡಗಡೆಯ ಬಾಗಿಲನ್ನು ಮೆಲ್ಲಗೆ ತಟ್ಟುತ್ತಾ ಕೂತಿದ್ದರು.