ಹುಳುವಿರುವ ಹೆಂಟೆಗಳು

ದೂರದ ಒಟಾಗೊ ಸೀಮೆಯ ಗುಡ್ಡದ ಮೇಲೆ ಎಫಿ ಒಬ್ಬಳೇ ಇದ್ದಳು. ಅವಳ ಕೈತೋಟದ ಮಣ್ಣಿನಲ್ಲಿ ಒಂದೂ ಎರೆಹುಳು ಇರಲಿಲ್ಲ. ಹಾಕಿದ ಗೊಬ್ಬರ ಕೊಳೆಯದೆ ಮೇಲೆಯೇ ಒಣಗುತ್ತಿತ್ತು, ಮಳೆನೀರು ಇಂಗದೆ ಹರಿದುಹೋಗುತ್ತಿತ್ತು. ಹೊಳೆಯಾಚೆಯ ಜೆಸ್ಸಿ ತನ್ನ ಹುಲ್ಲುಗಾವಲಿನಿಂದ, ಹುಳುಗಳಿದ್ದ ಮಣ್ಣಿನ ಹೆಂಟೆಗಳನ್ನು ಹುಲ್ಲು ಸಮೇತ ಕಡಿದುಕೊಡಲು ಒಪ್ಪಿದಳು. ಪ್ರತಿ ಶನಿವಾರ ಎಫಿ ಕೈಗಾಡಿ ತಳ್ಳಿಕೊಂಡು ಹೋಗಿ ನಾಲ್ಕು ಹೆಂಟೆ ತಂದು, ಹುಳು ಕೆಳಗಿಳಿಯಲೆಂದು ತೋಟದಲ್ಲಿ ಹಾಸುವಳು. ಕಡಿಯುವುದು ಹತ್ತು ನಿಮಿಷದ ಕೆಲಸ. ಆಮೇಲೆ ಜೆಸ್ಸಿಯ ಮನೆಯಲ್ಲಿ ಚಹಾ, ಬೆಣ್ಣೆ ಸವರಿದ ಬಿಸಿ ಸ್ಕೋನು ಬನ್ನು, ಊರಿನವರ ಸುದ್ದಿ. ಇಡೀ ವಾರದಲ್ಲಿ ಅವಳು ಬಾಯಿಬಿಟ್ಟು ಮಾತಾಡುತ್ತಿದ್ದುದು ಅಷ್ಟೇ.

ಎರಡನೆಯ ವಸಂತದಲ್ಲಿ ಆಲೂಗಡ್ಡೆಗೆಂದು ಅಗೆದಾಗ ಮಣ್ಣು ಹುಡಿಹುಡಿಯಾಗಿ ಬಿರಿಯಿತು. ಸಲಿಕೆಯೊಂದಕ್ಕೆ ಏಳೆಂಟು ಹುಳುಗಳು ಮಿಸುಕಾಡುತ್ತಿದ್ದವು. ಎಫಿಗೆ ಖುಷಿಯಾಯಿತು. ಮರುಕ್ಷಣ, ಹೆಂಟೆ ಬೇಡವಾದರೆ ಶನಿವಾರದ ಚಹಾವೂ ಇಲ್ಲವೆಂದು ಹೊಳೆದು, ಅಗೆದ ಮಣ್ಣನ್ನು ಮತ್ತೆ ಮುಚ್ಚಿದಳು.

"ಹೇಗಿದಾವೆ ನಿನ್ನ ಹುಳ?" ಎಂದು ಆ ಶನಿವಾರ ಜೆಸ್ಸಿ ಚಹಾ ಬಗ್ಗಿಸುತ್ತ ಕೇಳಿದಳು.

"ಎಲ್ಲಾ ಸತ್ತೋದ್ವು ಕಣೆ," ಎಂದಳು ಎಫಿ, ಬಟ್ಟಲಿನಿಂದ ಕಣ್ಣೆತ್ತದೆ.

"ಅಯ್ಯೋ, ಎರಡು ವರ್ಷ ಸುಮ್ನೆ ಸವೆದ್ಯಲ್ಲೇ! ತಡಿ, ನಮ್ಮೋರು ಸೋಮವಾರ ಒಂದು ಟ್ರ್ಯಾಕ್ಟರ್ ತುಂಬ ತಂದುಹಾಕ್ತಾರೆ. ವಾರವಾರ ಆ ಗಾಡಿ ತಳ್ಳೋ ಪಾಡು ನಿನಗ್ಯಾಕೆ?"

ಎಫಿ ಬೇಡವೆನ್ನಲು ಬಾಯಿ ತೆರೆದಳು. ನಿಜ ಹೇಳದೆ ಬೇಡವೆನ್ನುವುದು ಹೇಗೆಂದು ತಿಳಿಯಲಿಲ್ಲ.

ಸೋಮವಾರ ಜೆಸ್ಸಿಯ ಗಂಡ ಎಂಜಿನ್ ಆರಿಸದೆಯೇ ಹೆಂಟೆಗಳನ್ನು ಗೇಟಿನ ಬಳಿ ಇಳಿಸಿ, ಟೋಪಿ ಎತ್ತಿ ಹೊರಟುಹೋದ. ಹುಳು ತುಂಬಿದ ಮಣ್ಣಿನ ಮೇಲೆ ಎಫಿ ಅವನ್ನು ಒಂದೊಂದಾಗಿ ಹಾಸಿದಳು. ಶನಿವಾರ ಕೈಗಾಡಿಯನ್ನು ಗೇಟಿನ ತನಕ ತಳ್ಳಿಕೊಂಡು ಬಂದವಳು, ಹೋಗಲು ನೆಪ ತೋಚದೆ ಹಿಂದಕ್ಕೆ ತಿರುಗಿಸಿದಳು.